ಹುಡುಗಿಯರಿಗೆ ಥ್ರೋಬಾಲ್ ಸಾಕೆಂದು ಯಾರು ತೀರ್ಮಾನಿಸಿದರು?

2025ರ ಆಗಸ್ಟ್ 22ರಿಂದ ಸೆಪ್ಟೆಂಬರ್ 7ರವರೆಗೆ ಮಹಿಳೆಯರ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್ ಥಾಯ್ಲೆಂಡಿನಲ್ಲಿ ನಡೆಯಿತು. ಬ್ಯಾಂಕಾಕ್, ಚಿಯಾಂಗ್ ಮಾಯ್, ನಖೊನ್ ರಾಚಸಿಮಾ ಮತ್ತು ಫುಕೆಟ್ ನಗರಗಳು ಪಂದ್ಯಗಳನ್ನು ಹಂಚಿಕೊಂಡವು. ಮೊದಲ ಬಾರಿಗೆ 32 ತಂಡಗಳು ಕಣದಲ್ಲಿದ್ದವು, ಆಗ್ನೇಯ ಏಷ್ಯಾದ ದೇಶವೊಂದು ಈ ಕೂಟಕ್ಕೆ ಆತಿಥ್ಯ ವಹಿಸಿದ್ದೂ ಅದೇ ಮೊದಲು. ಉದ್ಯೋಗದ ನಿಮಿತ್ತ ಬ್ಯಾಂಕಾಕಿನಲ್ಲಿ ನೆಲೆಸಿರುವ ನಾನು ದಕ್ಷಿಣ ಕನ್ನಡ ಜಿಲ್ಲೆಯವನು. ವಾಲಿಬಾಲಿನ ಹುಚ್ಚು ಏನೆಂಬುದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲದ ಊರಿನವನು. ಆದರೂ ಹೆಂಗಸರ ವಾಲಿಬಾಲ್ ಒಂದು ಇಡೀ ನಗರದ ಸಂಜೆಯನ್ನು ತನ್ನದಾಗಿಸಿಕೊಳ್ಳುವುದನ್ನು ನಾನು ಕಂಡದ್ದು ಈ ದೇಶಕ್ಕೆ ಬಂದ ಮೇಲೆಯೇ. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯನ್ನು ಊರಿನವರ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಆತಿಥೇಯ ತಂಡದ ಪಂದ್ಯಗಳು ಬ್ಯಾಂಕಾಕಿನ ಹುವಾಮಾಕ್ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದವು. ಕಚೇರಿ ಮುಗಿಸಿ ನೇರ ಅಲ್ಲಿಗೆ ಬಂದ ಹೆಂಗಸರು, ಶಾಲೆಯ ಸಮವಸ್ತ್ರದಲ್ಲೇ ಸಾಲಾಗಿ ಕುಳಿತ ಹುಡುಗಿಯರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು ಗ್ಯಾಲರಿ ತುಂಬಿದ್ದರು. ನನ್ನ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಪ್ರತಿ ಸರ್ವಿಸ್‌ಗೂ ಮೊದಲೇ, ಎದುರಾಳಿಗಳ ಪೈಕಿ ಯಾರ ಕೈಗೆ ಚೆಂಡು ಹೊಡೆಯಬೇಕೆಂದು ಬೆರಳು ತೋರಿಸಿ ಪಕ್ಕದವರಿಗೆ ಹೇಳುತ್ತಿದ್ದರು. ಬಹುಪಾಲು ಸಲ ಆಟಗಾರ್ತಿಯೂ ಅಲ್ಲಿಗೇ ಹೊಡೆಯುತ್ತಿದ್ದಳು. ಆ ಪ್ರೇಕ್ಷಕರು ದೇಶಾಭಿಮಾನಕ್ಕೆ ಮಾತ್ರ ಬಂದವರಲ್ಲ, ಆಟ ಬಲ್ಲವರು. ಥಾಯ್ಲೆಂಡ್ ಈಜಿಪ್ಟನ್ನೂ ಸ್ವೀಡನ್ನನ್ನೂ ಸೋಲಿಸಿ ಹದಿನಾರರ ಸುತ್ತಿಗೆ ಏರಿ, ಅಲ್ಲಿ ಜಪಾನಿಗೆ ಸೋತು ಹೊರಬಿತ್ತು. ಆತಿಥೇಯರು ಸೋತ ಮೇಲೂ ಟಿ.ವಿ.ಯಲ್ಲಿ ಪಂದ್ಯ ನೋಡುವವರು ಕಡಿಮೆಯಾಗಲಿಲ್ಲ. ನಮ್ಮ ಬೀದಿಯ ನೂಡಲ್ಸ್ ಅಂಗಡಿಯಾತ ಇಟಲಿ ಮತ್ತು ಬ್ರೆಜಿಲ್ ನಡುವಿನ ಸೆಮಿಫೈನಲನ್ನು ಗಿರಾಕಿಗಳೊಂದಿಗೆ ಕೊನೆಯವರೆಗೂ ನೋಡಿದ.

ಈ ಪ್ರೀತಿ ಪದಕಗಳ ರಾಶಿಯ ಮೇಲೆ ಬೆಳೆದದ್ದಲ್ಲ. ಥಾಯ್ ಮಹಿಳೆಯರು ಈವರೆಗೆ ಒಲಿಂಪಿಕ್ಸ್‌ನ ಒಳಾಂಗಣ ವಾಲಿಬಾಲಿಗೆ ಒಮ್ಮೆಯೂ ಅರ್ಹತೆ ಪಡೆದಿಲ್ಲ. ಹತ್ತಿರ ಬಂದು ತಪ್ಪಿದ ಕಥೆಗಳೇ ಹೆಚ್ಚು. 2016ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ನಡೆದ ಅರ್ಹತಾ ಕೂಟದಲ್ಲಿ ಜಪಾನ್ ವಿರುದ್ಧ ಐದನೇ ಸೆಟ್‌ನಲ್ಲಿ 12–6ರಿಂದ ಮುಂದಿದ್ದ ಥಾಯ್ ತಂಡ, ಬೆಂಚಿನವರಿಗೆ ಬಿದ್ದ ಕೆಂಪು ಕಾರ್ಡುಗಳಿಂದ ಎದುರಾಳಿಗೆ ಅಂಕಗಳನ್ನು ಬಿಟ್ಟುಕೊಟ್ಟು, ಕೊನೆಗೆ 13–15ರಿಂದ ಸೋತಿತು. 2020ರ ಜನವರಿಯಲ್ಲಿ ತಮ್ಮದೇ ನಖೊನ್ ರಾಚಸಿಮಾದಲ್ಲಿ ನಡೆದ ಏಷ್ಯಾ ಅರ್ಹತಾ ಕೂಟದ ಫೈನಲ್‌ನಲ್ಲಿ ಹೆಸರಾಂತ ಆಟಗಾರ್ತಿ ಕಿಮ್ ಯೊನ್ ಕೂಂಗ್ ಇದ್ದ ದಕ್ಷಿಣ ಕೊರಿಯಾದ ಎದುರು ನೇರ ಸೆಟ್‌ಗಳಲ್ಲಿ ಸೋತರು. ಇಷ್ಟಾದರೂ ಥಾಯ್ ತಂಡದ ನಾಯಕಿಯಾಗಿದ್ದ ವಿಲಾವಣ್ ಅಪಿನ್ಯಾಪೊಂಗ್, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ನುತ್ಸಾರಾ ತೊಮ್‌ಕೊಮ್, ಪ್ಲೂಮ್‌ಜಿತ್ ತಿಂಕಾವ್, ಒನುಮಾ ಸಿತ್ತಿರಕ್ ಮುಂತಾದವರ ಹೆಸರು ಇಲ್ಲಿಯ ಮನೆಮನೆಗೂ ಗೊತ್ತು. 2009ರಲ್ಲಿ ಹನೋಯಿಯಲ್ಲಿ ಚೀನಾವನ್ನು ಸೋಲಿಸಿ ಮೊದಲ ಏಷ್ಯಾ ಪ್ರಶಸ್ತಿ ತಂದವರು ಅವರು; 2012ರ ವಿಶ್ವ ಗ್ರ್ಯಾಂಡ್ ಪ್ರಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿದವರು; 2013ರಲ್ಲಿ ಜಪಾನನ್ನು ಮಣಿಸಿ ಮತ್ತೊಮ್ಮೆ ಏಷ್ಯಾ ಗೆದ್ದವರು. ಅವರ ಆಟ ನೋಡುತ್ತ ಬೆಳೆದ ಚಟ್ಚು ಒನ್ ಮೊಕ್ಸ್ರಿ, ಪಿಂಪಿಚಯಾ ಕೊಕ್ರಾಮ್, ಪೊರ್ನ್‌ಪನ್ ಗೆದ್ಪಾರ್ದ್ ಇವರ ಪೀಳಿಗೆ 2023ರಲ್ಲಿ ಚೀನಾವನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ಮೂರನೇ ಬಾರಿ ಏಷ್ಯಾ ಪ್ರಶಸ್ತಿಯನ್ನು ತಂದುಕೊಟ್ಟಿತು.

ನುತ್ಸಾರಾ ಅವರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಎತ್ತರ 169 ಸೆಂಟಿಮೀಟರ್. ನಮ್ಮೂರಿನ ಕಾಲೇಜುಗಳಲ್ಲಿ ಅಷ್ಟು ಎತ್ತರದ ಹುಡುಗಿಯರು ಧಾರಾಳವಾಗಿ ಸಿಗುತ್ತಾರೆ. ಆದರೆ ಅವರ ಬೆರಳ ತುದಿಯಿಂದ ಚೆಂಡು ಹೊರಡುವಾಗ ಅದು ಮುಂದಕ್ಕೆ ಹೋಗುವುದೋ, ತಲೆಯ ಹಿಂದಕ್ಕೆ ಹೋಗುವುದೋ ಎಂಬುದು ನೆಟ್ಟಿನ ಬಳಿ ನೆಗೆದು ತಡೆಯುವ ಎದುರಿನ ಬ್ಲಾಕರ್‌ಗಳಿಗೆ ಕೊನೆಯ ಕ್ಷಣದವರೆಗೂ ತಿಳಿಯುತ್ತಿರಲಿಲ್ಲ. ಎತ್ತರದಲ್ಲಿ ಯುರೋಪಿನವರನ್ನು ಸರಿಗಟ್ಟಲಾರೆವೆಂದು ಅರಿತ ತರಬೇತುದಾರ ಕಿಯಾತ್ತಿಪೊಂಗ್ ರಾಚತಾಗ್ರಿಯೆಂಗ್‌ಕೈ ಅವರು ವೇಗವನ್ನೇ ತಂಡದ ಆಯುಧವಾಗಿಸಿದರು. ಲಿಫ್ಟರ್ ಚೆಂಡು ಮುಟ್ಟುವ ಮೊದಲೇ ಸ್ಮ್ಯಾಶರ್ ಓಟ ಆರಂಭಿಸಿರುತ್ತಿದ್ದಳು, ಒಬ್ಬಳು ನೆಗೆದು ಎದುರಾಳಿಯನ್ನು ಸೆಳೆದರೆ ಅವಳ ಹಿಂದಿನಿಂದ ಬಂದ ಇನ್ನೊಬ್ಬಳು ಹೊಡೆಯುತ್ತಿದ್ದಳು, ಪ್ಲೂಮ್‌ಜಿತ್ ಒಂಟಿ ಕಾಲಿನಲ್ಲಿ ನೆಗೆದು ಅಂಗಳದ ಬಲಬದಿಗೆ ಜಾರುತ್ತ ಹೊಡೆಯುವ ಹೊತ್ತಿಗೆ ಬ್ಲಾಕರ್‌ಗಳು ಇನ್ನೂ ನಡುವಿನಲ್ಲೇ ನಿಂತಿರುತ್ತಿದ್ದರು. ಇಂಥ ಆಟಕ್ಕೆ ಬೇಕಾದುದು ಎತ್ತರಕ್ಕಿಂತ ಹೆಚ್ಚಾಗಿ ಚೆಂಡಿನೊಂದಿಗೆ ಕಳೆದ ಬಾಲ್ಯ. ಎಂಟು ಹತ್ತು ವರ್ಷದ ಹುಡುಗಿಯ ಕೈಗೆ ವಾಲಿಬಾಲ್ ಕೊಟ್ಟು, ಹಿಡಿಯದೆ ತಟ್ಟುವುದನ್ನು ಅಭ್ಯಾಸ ಮಾಡಿಸಿದರೆ ಮಾತ್ರ ಇಪ್ಪತ್ತರಲ್ಲಿ ಆ ಬೆರಳುಗಳು ಹಾಗೆ ಮಾತು ಕೇಳುತ್ತವೆ.

ಇಲ್ಲಿಂದ ನಮ್ಮ ಊರಿನ ಕಡೆಗೆ ತಿರುಗುತ್ತೇನೆ. ಕರಾವಳಿಯಲ್ಲಿ ಮಳೆಗಾಲ ಮುಗಿದು ಗದ್ದೆಯ ಕೊಯ್ಲಾದ ಮೇಲೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳು ಶುರುವಾಗುತ್ತವೆ. ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್, ಭಜನಾ ಮಂದಿರದ ಸಮಿತಿ, ಎಲ್ಲರೂ ಒಂದೊಂದು ನಡೆಸುತ್ತಾರೆ. ಅಡಿಕೆ ಮರದ ಕಂಬಗಳಿಗೆ ದೀಪ ಕಟ್ಟಿ, ಗೆರೆ ಹಾಕಿ, ನೆಟ್ ಬಿಗಿದು, ಮೈಕಿನಲ್ಲಿ ವೀಕ್ಷಕ ವಿವರಣೆಗೆ ಒಬ್ಬರನ್ನು ಕೂರಿಸಿದರೆ ಸುತ್ತಲಿನ ಹತ್ತೂರಿನ ಜನ ನೆರೆದು, ಕೋಳಿ ಕೂಗುವ ಹೊತ್ತಿಗೆ ಮುಗಿಯುವ ಫೈನಲ್‌ವರೆಗೂ ಕದಲದೆ ನಿಲ್ಲುತ್ತಾರೆ. ಇಂಥ ಅಂಗಳಗಳು ಒಳ್ಳೆಯ ಗಂಡು ಆಟಗಾರರನ್ನು ಕೊಟ್ಟಿವೆ. ನಮ್ಮ ಜಿಲ್ಲೆಯ ಅಶ್ವಲ್ ರೈ ಭಾರತ ತಂಡದಲ್ಲಿ ಆಡಿದ್ದಾರೆ. ಹುಡುಗಿಯರಿಗೆ ಆ ಪಂದ್ಯಾಟದಲ್ಲಿ ಸಿಗುವುದು ಏನು? ಆಮಂತ್ರಣ ಪತ್ರಿಕೆಯ ಕೊನೆಯಲ್ಲಿ ‘ಮಹಿಳೆಯರಿಗೆ ಥ್ರೋಬಾಲ್’ ಎಂಬ ಒಂದು ಸಾಲು, ಮಧ್ಯಾಹ್ನ ಮೂರು ಗಂಟೆಯ ಬಿಸಿಲು, ಪುರುಷರ ಬಹುಮಾನದ ಕಾಲು ಭಾಗದಷ್ಟು ಮೊತ್ತ. ದೀಪ ಹತ್ತುವ ಹೊತ್ತಿಗೆ ಅವರ ಆಟ ಮುಗಿದು ಅವರು ಬಸ್ಸು ಹಿಡಿದಿರುತ್ತಾರೆ.

ಥ್ರೋಬಾಲ್ ಆಡಿ ರಾಜ್ಯಕ್ಕೆ ಹೆಸರು ತಂದ ಹುಡುಗಿಯರ ಬಗ್ಗೆ ನನಗೆ ಗೌರವವಿದೆ, ಮದರಾಸಿನ ವೈ.ಎಂ.ಸಿ.ಎ. ಮೂಲಕ ಬಂದು ನಮ್ಮ ಶಾಲೆಗಳಲ್ಲಿ ಬೇರುಬಿಟ್ಟ ಆ ಆಟಕ್ಕೆ ಅದರದೇ ಚೆಲುವಿದೆ. ಆದರೆ ಒಲಿಂಪಿಕ್ಸ್‌ನಲ್ಲಾಗಲಿ ಏಷ್ಯನ್ ಗೇಮ್ಸ್‌ನಲ್ಲಾಗಲಿ ಥ್ರೋಬಾಲ್ ಇಲ್ಲ. ಅದನ್ನು ಎಷ್ಟೇ ಚೆನ್ನಾಗಿ ಆಡಿದರೂ ಒಂದು ಹಂತದ ಮೇಲೆ ಏರಲು ಮೆಟ್ಟಿಲುಗಳಿಲ್ಲ. ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಬಾಲಕಿಯರ ವಾಲಿಬಾಲೂ ಇದೆ, ನಿಜ. ಆದರೆ ಹೆಚ್ಚಿನ ಶಾಲೆಗಳಲ್ಲಿ ಇರುವುದು ಒಬ್ಬ ಪಿ.ಟಿ. ಮೇಷ್ಟ್ರು, ಒಂದು ಅಂಗಳ, ಎರಡು ಚೆಂಡು. ಹಿಡಿದು ಎಸೆಯುವ ಆಟಕ್ಕೆ ಎರಡು ವಾರದಲ್ಲಿ ತಂಡ ಕಟ್ಟಬಹುದು. ಹಿಡಿಯದೆ ಆಡುವ ಆಟಕ್ಕೆ ವರ್ಷಗಳು ಬೇಕು. ವಲಯ ಮಟ್ಟದ ಪಂದ್ಯ ಆಗಸ್ಟಿನಲ್ಲಿ ಬಂತೆಂದರೆ ಮೇಷ್ಟ್ರು ಹುಡುಗರಿಗೆ ವಾಲಿಬಾಲನ್ನೂ ಹುಡುಗಿಯರಿಗೆ ಥ್ರೋಬಾಲನ್ನೂ ಹಂಚಿಬಿಡುತ್ತಾರೆ. ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ನನ್ನ ತಂಗಿಯ ವಿಷಯದಲ್ಲಿ ನಡೆದದ್ದೂ ಇದೇ. ಅಣ್ಣಂದಿರ ಜೊತೆ ಮನೆಯಂಗಳದಲ್ಲಿ ಆಡಿ ಆಡಿ ಅವಳಿಗೆ ಮುಂಗೈಯಿಂದ ಚೆಂಡೆತ್ತುವ ಅಂಡರ್‌ಹ್ಯಾಂಡ್ ಎಷ್ಟು ಕರಗತವಾಗಿತ್ತೆಂದರೆ, ತೆಂಗಿನ ಕಟ್ಟೆಯ ಬದಿಗೆ ಸಿಡಿದ ಚೆಂಡನ್ನೂ ಓಡಿ ಹೋಗಿ ಎತ್ತುತ್ತಿದ್ದಳು. ಹೈಸ್ಕೂಲಿಗೆ ಸೇರಿದಾಗ, ಹುಡುಗಿಯರ ವಾಲಿಬಾಲ್ ತಂಡಕ್ಕೆ ಆರು ಮಂದಿ ಸೇರುವುದಿಲ್ಲವೆಂಬ ಕಾರಣಕ್ಕೆ ಅವಳನ್ನು ಥ್ರೋಬಾಲಿಗೆ ಹಾಕಿದರು. ಮುಂಗೈ ಕೆಂಪಾಗುವುದನ್ನು ಕಂಡು ಮನೆಯ ಹಿರಿಯ ಹೆಂಗಸರೂ ಇನ್ನು ಸಾಕು ಅಂದಿದ್ದರು. ಅವಳು ಆಡುವುದನ್ನು ನಿಲ್ಲಿಸಿದ್ದು ಹತ್ತನೇ ತರಗತಿಯಲ್ಲಿ. ಈ ಕಥೆಗೆ ಖಳನಾಯಕರಿಲ್ಲ. ಪದ್ಧತಿಯೇ ಹಾಗಿತ್ತು, ಬಹಳ ಕಡೆ ಈಗಲೂ ಹಾಗೆಯೇ ಇದೆ.

ಥಾಯ್ಲೆಂಡಿನ ಪದ್ಧತಿಯಲ್ಲಿ ಕಣ್ಣಿಗೆ ಬೀಳುವ ಒಂದು ಸಣ್ಣ ಸಂಗತಿ, ಶಾಲೆಯ ಅಂಗಳದ ಮೇಲಿನ ಮಾಡು. ಬ್ಯಾಂಕಾಕಿನ ಹೊರವಲಯದಲ್ಲಿ ನಾನು ಓಡಾಡುವ ದಾರಿಯ ಸರ್ಕಾರಿ ಶಾಲೆಯೊಂದರಲ್ಲಿ, ಗೋಡೆಗಳಿಲ್ಲದೆ ಎತ್ತರದ ಕಬ್ಬಿಣದ ಕಂಬಗಳ ಮೇಲೆ ತಗಡಿನ ಮಾಡು ಹೊದಿಸಿದ ಅಂಗಳವಿದೆ. ಬೆಳಿಗ್ಗೆ ಪ್ರಾರ್ಥನೆ ನಡೆಯುವುದೂ ಅಲ್ಲೇ, ಸಂಜೆ ವಾಲಿಬಾಲ್ ನಡೆಯುವುದೂ ಅಲ್ಲೇ. ಹೊರಗೆ ಧೋ ಎಂದು ಮಳೆ ಸುರಿಯುವಾಗ ಒಳಗೆ ಹುಡುಗಿಯರು ಎರಡು ಸಾಲಾಗಿ ನಿಂತು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ಬೆರಳ ತುದಿಯಿಂದ ದಾಟಿಸುತ್ತಿರುತ್ತಾರೆ. ನೆಲಕ್ಕೆ ಬಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರು. ಇಂಥ ಮಾಡುಗಳನ್ನು ಬೇರೆ ಊರುಗಳ ಶಾಲೆಗಳಲ್ಲೂ ಕಂಡಿದ್ದೇನೆ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಕೆಸರಾಗಿರುತ್ತದೆ, ಶಾಲಾ ಪಂದ್ಯಗಳ ಕಾಲವೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಹುಡುಗರು ಆ ಕೆಸರಿನಲ್ಲೂ ಆಡಿಯಾರು. ಮೈಗೆ ಕೆಸರು ಮೆತ್ತಿಕೊಂಡು ಬಸ್ಸಿನಲ್ಲಿ ಮನೆಗೆ ಹೋಗುವ ಸ್ವಾತಂತ್ರ್ಯ ಹುಡುಗಿಗೆ ನಮ್ಮಲ್ಲಿ ಇಲ್ಲ. ಹಾಗಾಗಿ ಒಂದು ತಗಡಿನ ಮಾಡು ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು ಉಪಕಾರ ಮಾಡುತ್ತದೆ.

ಭಾರತದ ಹೆಂಗಸರಿಗೆ ಈ ಆಟ ಹೊಸದೆಂಬ ಭಾವನೆ ಹಲವರಲ್ಲಿದೆ. 1952ರಲ್ಲಿ ಮಾಸ್ಕೋದಲ್ಲಿ ನಡೆದ ಮಹಿಳೆಯರ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಎಂಟು ತಂಡಗಳಲ್ಲಿ ಭಾರತವೂ ಒಂದಾಗಿತ್ತು. ಕೊನೆಯ ಸ್ಥಾನ ಪಡೆದರೂ ಅಲ್ಲಿತ್ತು. ಆ ಪಟ್ಟಿಯಲ್ಲಿ ಥಾಯ್ಲೆಂಡಿನ ಹೆಸರಿರಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪುರುಷರು 1958, 1962 ಮತ್ತು 1986ರಲ್ಲಿ ಪದಕ ಗೆದ್ದರು. ಮಹಿಳೆಯರು ಇಂದಿಗೂ ಒಂದನ್ನೂ ಗೆದ್ದಿಲ್ಲ. ದೇಶದೊಳಗೆ ಮಹಿಳಾ ವಾಲಿಬಾಲನ್ನು ಹೊತ್ತು ನಿಂತವರು ಮುಖ್ಯವಾಗಿ ರೈಲ್ವೆಯವರು ಮತ್ತು ಕೇರಳದವರು. ಕೇರಳದ ವಿದ್ಯುತ್ ಮಂಡಳಿ ಮಹಿಳಾ ತಂಡವನ್ನು ಸಾಕಿದೆ. ಗಡಿಯ ಆಚೆಗಿನ ಆ ರಾಜ್ಯದ ಹಳ್ಳಿಗಳಿಗೂ ನಮ್ಮ ಹಳ್ಳಿಗಳಿಗೂ ಮಳೆ, ಮಣ್ಣು, ಅಡಿಕೆ ತೋಟಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. 2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಆರಂಭವಾಯಿತು, ಅದರಲ್ಲಿ ಬೆಂಗಳೂರಿಗೂ ಒಂದು ತಂಡವಿದೆ. ಆದರೆ ಅದು ಗಂಡಸರ ಲೀಗ್. ಥಾಯ್ಲೆಂಡಿನ ಲೀಗ್ ಮಹಿಳೆಯರ ಕ್ಲಬ್‌ಗಳನ್ನು ಬೆಳೆಸಿತು, ಅವುಗಳಲ್ಲೊಂದಾದ ಸುಪ್ರೀಮ್ ಚೊನ್‌ಬುರಿ 2017 ಮತ್ತು 2018ರಲ್ಲಿ ಏಷ್ಯಾದ ಕ್ಲಬ್ ಪ್ರಶಸ್ತಿಯನ್ನೇ ಗೆದ್ದಿತು. ಇಂದು ಥಾಯ್ ಆಟಗಾರ್ತಿಯರು ಜಪಾನ್, ದಕ್ಷಿಣ ಕೊರಿಯಾ, ಟರ್ಕಿಗಳಲ್ಲಿ ಸಂಬಳಕ್ಕೆ ಆಡುತ್ತಾರೆ. ಮಗಳು ಚೆಂಡಿನ ಹಿಂದೆ ಓಡಿದರೆ ಹೊಟ್ಟೆ ತುಂಬುತ್ತದೆಯೇ ಎಂಬ ತಾಯಿಯ ಪ್ರಶ್ನೆಗೆ ಇಲ್ಲಿ ಉತ್ತರವಿದೆ.

2025ರ ಫೈನಲ್ ಇಟಲಿ ಮತ್ತು ಟರ್ಕಿಯ ನಡುವೆ ಹುವಾಮಾಕಿನಲ್ಲಿ ನಡೆಯಿತು. ಇಟಲಿಯ ಕಡೆ ಪವೊಲಾ ಎಗೊನು, ಮೊನಿಕಾ ದೆ ಜೆನ್ನಾರೊ. ಟರ್ಕಿಯ ಕಡೆ ಮೆಲಿಸ್ಸಾ ವರ್ಗಾಸ್, ನಾಯಕಿ ಎಡಾ ಎರ್ಡೆಮ್. ಇಟಲಿ ಐದು ಸೆಟ್‌ಗಳಲ್ಲಿ ಗೆದ್ದು, 2002ರ ನಂತರ ಮತ್ತೆ ವಿಶ್ವ ಚಾಂಪಿಯನ್ ಆಯಿತು. ಕೂಟದ ಶ್ರೇಷ್ಠ ಆಟಗಾರ್ತಿಯಾಗಿ ಆಯ್ಕೆಯಾದವರು ಇಟಲಿಯ ಲಿಫ್ಟರ್ ಅಲೆಸ್ಸಿಯಾ ಓರೊ. ಹೊಡೆಯುವವಳಿಗಲ್ಲದೆ ಎತ್ತಿಕೊಡುವವಳಿಗೆ ಆ ಗೌರವ ಸಂದದ್ದು ನನಗೆ ಬಹಳ ಹಿಡಿಸಿತು. ಟರ್ಕಿಯ ಬೆಳವಣಿಗೆಯಲ್ಲೂ ನಮಗೆ ತಿಳಿಯಬೇಕಾದ್ದಿದೆ. ಅಲ್ಲಿಯ ವಕೀಫ್‌ಬ್ಯಾಂಕ್ ಎಂಬ ಬ್ಯಾಂಕಿನ ಮಹಿಳಾ ವಾಲಿಬಾಲ್ ತಂಡ ಯುರೋಪಿನ ಚಾಂಪಿಯನ್ಸ್ ಲೀಗನ್ನು ಆರು ಬಾರಿ ಗೆದ್ದಿದೆ, ಔಷಧ ತಯಾರಿಕೆಯಿಂದ ಆರಂಭವಾದ ಎಜಾಜಿಬಾಷಿ ಸಂಸ್ಥೆ ದಶಕಗಳಿಂದ ಮಹಿಳಾ ತಂಡವನ್ನು ನಡೆಸುತ್ತಿದೆ. ಬ್ಯಾಂಕುಗಳ ತವರೆಂದು ಹೆಸರಾದ ಜಿಲ್ಲೆಯಲ್ಲಿ ಹುಟ್ಟಿದ ನನಗೆ, ಒಂದು ಬ್ಯಾಂಕು ಹುಡುಗಿಯರ ವಾಲಿಬಾಲಿಗೆ ಏನು ಮಾಡಬಲ್ಲದು ಎಂಬುದು ತಿಳಿದದ್ದು ಆ ತಂಡದಿಂದ.

ವಿಶ್ವ ಚಾಂಪಿಯನ್‌ಷಿಪ್ ನಮ್ಮೂರಿಗೆ ಬರಲೆಂದು ನಾನು ಕೇಳುತ್ತಿಲ್ಲ. ಈ ಬೇಸಿಗೆಯಲ್ಲಿ ಪಂದ್ಯಾಟ ನಡೆಸುವ ಯುವಕ ಮಂಡಲಗಳು ಥ್ರೋಬಾಲಿನ ಜೊತೆಗೆ ಹುಡುಗಿಯರ ವಾಲಿಬಾಲನ್ನೂ ಇಡಲಿ, ನೆಟ್ಟನ್ನು 2.43 ಮೀಟರಿನಿಂದ 2.24 ಮೀಟರಿಗೆ ಇಳಿಸಲು ಹತ್ತು ನಿಮಿಷವೂ ಬೇಡ. ಮೊದಲ ವರ್ಷ ನಾಲ್ಕೇ ತಂಡಗಳು ಬಂದರೂ ಸರಿ, ಉಳ್ಳಾಲದ ಆಚೆಯ ಕಾಸರಗೋಡು, ಕಣ್ಣೂರಿನ ತಂಡಗಳನ್ನೂ ಕರೆಯಲಿ. ಬಹುಮಾನದ ಮೊತ್ತ ಪುರುಷರಷ್ಟೇ ಇರಲಿ. ಮುಖ್ಯವಾಗಿ ಹುಡುಗಿಯರ ಫೈನಲನ್ನು ಮಧ್ಯಾಹ್ನಕ್ಕೆ ದೂಡದೆ, ದೀಪ ಹತ್ತಿದ ಮೇಲೆ, ಸಭಾ ಕಾರ್ಯಕ್ರಮಕ್ಕೂ ಪುರುಷರ ಸೆಮಿಫೈನಲ್‌ಗೂ ಮೊದಲು, ರಾತ್ರಿ ಎಂಟು ಗಂಟೆಗೆ ಇಡಲಿ. ಅಷ್ಟು ಹೊತ್ತಿಗೆ ಜನ ಸೇರಿರುತ್ತಾರೆ, ಹೊರಊರಿನ ಹುಡುಗಿಯರಿಗೆ ಮನೆ ತಲುಪಲು ಸಮಿತಿಯವರೇ ವಾಹನ ಮಾಡಿಕೊಡಬಹುದು.