ಸ್ಪಷ್ಟನೆ: ಡೈಮಂಡ್ ಆರ್ಮರ್ ತೊಟ್ಟರೆ ಸಾವೇ ಇಲ್ಲ ಎಂಬುದು ತಪ್ಪು

ಮೈನ್‌ಕ್ರಾಫ್ಟ್ ವಿಡಿಯೋ ಗೇಮ್ ಆಡುವವರ ಬೆಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಫುಲ್ ಡೈಮಂಡ್ ಆರ್ಮರ್ 80%, ನಾಲ್ಕಕ್ಕೂ ಪ್ರೊಟೆಕ್ಷನ್ 4 ಹಾಕಿದ್ರೆ ಇನ್ನೂ 64%, ಒಟ್ಟು 144%. ಏನೂ ತಾಗಲ್ಲ.’ ಇದು ತಪ್ಪು.

ಆರ್ಮರ್ ಎಂದರೆ ಆಟದಲ್ಲಿ ತೊಡುವ ನಾಲ್ಕು ತುಂಡಿನ ಕವಚ; ಪ್ರೊಟೆಕ್ಷನ್ ಎಂದರೆ ಅದಕ್ಕೆ ಹಾಕುವ, ಏಟು ತಗ್ಗಿಸುವ ಮಂತ್ರಶಕ್ತಿ. ಇವೆರಡನ್ನೂ ಕೂಡಿಸುವಂತಿಲ್ಲ. ಆರ್ಮರ್ ತಡೆದು ಉಳಿದ ಏಟಿನ ಮೇಲಷ್ಟೇ ಪ್ರೊಟೆಕ್ಷನ್ ಕೆಲಸ ಮಾಡುತ್ತದೆ. ಆ 80% ಕೂಡ ಗರಿಷ್ಠ ಮಿತಿ. ಏಟು ಜೋರಾದಷ್ಟೂ ಇಳಿಯುತ್ತದೆ. ಆಟದ ಜಾವಾ ಆವೃತ್ತಿಯ ಸೂತ್ರದಲ್ಲೇ ಲೆಕ್ಕ ಹಾಕಿ (ಆಟಗಾರನ ಪ್ರಾಣ ಹತ್ತು ಹಾರ್ಟ್, ಒಂದು ಹಾರ್ಟ್‌ಗೆ ಎರಡು ಪಾಯಿಂಟ್): 20 ಪಾಯಿಂಟಿನ ಏಟಿಗೆ ಡೈಮಂಡ್ ತಡೆಯುವುದು 60%, ಉಳಿಯುವುದು 8. ಪ್ರೊಟೆಕ್ಷನ್ ಅದನ್ನು 2.88ಕ್ಕೆ ತರುತ್ತದೆ, ಅಂದರೆ ಹತ್ತಿರ ಹತ್ತಿರ ಒಂದೂವರೆ ಹಾರ್ಟ್. ಸೊನ್ನೆಯಂತೂ ಅಲ್ಲ.

ಮೇಲಿಂದ ಬಿದ್ದರೆ ಬರೀ ಆರ್ಮರ್ ಏನನ್ನೂ ತಡೆಯುವುದಿಲ್ಲ. 23 ಬ್ಲಾಕ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದರೆ ಹತ್ತೂ ಹಾರ್ಟ್ ಹೋಗುತ್ತವೆ. ಬೂಟಿಗೆ ಬೀಳುವ ಏಟನ್ನು ತಗ್ಗಿಸುವ ಫೆದರ್ ಫಾಲಿಂಗ್ ಮಂತ್ರಶಕ್ತಿ ಹಾಕಿಕೊಳ್ಳಿ.

ಈ ಮೆಸೇಜ್ ನಂಬಿ, ಒಮ್ಮೆ ಸತ್ತರೆ ಆಟವೇ ಮುಗಿಯುವ ಹಾರ್ಡ್‌ಕೋರ್ ಮೋಡ್‌ನಲ್ಲಿ ಜಿಗಿದರೆ ಮಕ್ಕಳು ಆಸೆಯಿಂದ ಕಟ್ಟಿದ್ದೆಲ್ಲ ಕೈತಪ್ಪುತ್ತದೆ. ದಯವಿಟ್ಟು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.