ಅಜ್ಜಾರು ಮೈಕ್ ಹಿಡಿಯಬೇಕಾ? ಒಂದು ಪರ, ಒಂದು ವಿರೋಧ

ಮಠ ಬೇರೆ, ಸರ್ಕಾರ ಬೇರೆ ಅಂತ ಹೇಳುವುದು ಸುಲಭ. ಕೊಪ್ಪಳದಲ್ಲಿ ಕೂತು ಹೇಳುವುದು ಮಾತ್ರ ಕಷ್ಟ. ಹಾಗಾಗಿ ನಮ್ಮ ಗವಿಮಠದ ಸ್ವಾಮಿಗಳು, ಅಂದರೆ ಅಜ್ಜಾರು, ಸರ್ಕಾರದ ವಿಷಯದಲ್ಲಿ ಮಾತಾಡಬೇಕಾ ಅಂತ ಎರಡೂ ಕಡೆಯಿಂದ ಬರೆದಿದ್ದೇನೆ, ಬೈಯುವವರು ಎರಡನ್ನೂ ಓದಿ ಬೈಯಿರಿ.

ಪರ

2025ರ ಫೆಬ್ರವರಿ 24ಕ್ಕೆ ಕೊಪ್ಪಳ ಬಂದ್ ಆಯಿತಲ್ಲ, ಅದನ್ನೇ ನೋಡಿ. ಊರಿಗೆ ಅಂಟಿಕೊಂಡೇ 54 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ ಬರುತ್ತದೆ ಅಂದಾಗ ಗವಿಮಠದ ಅಜ್ಜಾರೇ ಜನರ ಜೊತೆ ಬಂದು ನಿಂತರು. ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಕೆಲಸ ನಿಲ್ಲಿಸಿ ಅಂದರು. ಈಗಾಗಲೇ ಕಾರ್ಖಾನೆಗಳಿರುವ ಗಿಣಿಗೇರಿ ಕಡೆ ಮಾಳಿಗೆ ಮೇಲೆ ಏನಾದರೂ ಒಣಹಾಕಿದರೆ ಅದರ ಮೇಲೆ ಕರಿಬೂದಿ ಕೂರುತ್ತದೆ. ಅಲ್ಲಿನವರ ಹತ್ತಿರ ಹೋಗಿ ಸ್ವಾಮಿಗಳು ಪೂಜೆ ಮಾಡಿಕೊಂಡು ಸುಮ್ನೆ ಇರಬೇಕು ಅಂತ ಹೇಳಿ ನೋಡೋಣ.

2019ರಲ್ಲಿ ಹಿರೇಹಳ್ಳದ ಹೂಳು, ಮುಳ್ಳುಕಂಟಿ ತೆಗೆಸಿದ್ದು ಯಾರು? 20 ಕಿಲೋಮೀಟರಿಗೂ ಜಾಸ್ತಿ ಉದ್ದದ ಕೆಲಸ. ಸರ್ಕಾರ ಮಾಡಬೇಕಾದ್ದನ್ನು ಮಠ ಮಾಡಿದಾಗ ಚಪ್ಪಾಳೆ, ಸರ್ಕಾರವನ್ನು ಮಠ ಕೇಳಿದಾಗ ಮಾತ್ರ ತಕರಾರು, ಇದ್ಯಾವ ನ್ಯಾಯ?

ಕಾನೂನಿನ ಮಾತಿಗೆ ಬನ್ನಿ. ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ರಾಜ್ಯಕ್ಕೆ ಧರ್ಮ ಇರಬಾರದು ಅಂತ. ಅದು ಸರ್ಕಾರಕ್ಕೆ ಹಾಕಿದ ಮೂಗುದಾರ, ಕಾವಿ ಹಾಕಿದವರ ಬಾಯಿಗಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರಿ ಆಗಿದ್ದವರು ಅಲ್ವಾ.

ವಿರೋಧ

ನಾನೂ ಜಾತ್ರೆಯ ದಾಸೋಹದಲ್ಲಿ ಕೂತು ರೊಟ್ಟಿ, ಮಾದಲಿ ಉಂಡವನೇ. ಅಜ್ಜಾರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಅವರು ಮಾತಾಡುವ ತನಕ ಯಾರೂ ನಮ್ಮ ಮಾತು ಕೇಳಲಿಲ್ಲ ಅನ್ನುವುದಕ್ಕೆ. ರೈತರು, ಹೆಣ್ಣುಮಕ್ಕಳು ಅರ್ಜಿ ಹಿಡಿದು ಅಲೆದರೆ ಅದು ಬರೀ ಅರ್ಜಿ, ಸ್ವಾಮಿಗಳು ಬಂದರೆ ಮರುದಿನವೇ ಎಲ್ಲ ಪಕ್ಷದವರೂ ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ. ಹಾಗಾದರೆ ಶಾಸಕರು, ಸಂಸದರು, ಗ್ರಾಮಸಭೆ, ಇವೆಲ್ಲ ಯಾಕೆ ಬೇಕು?

ಇನ್ನೊಂದು ಮಾತು, ಇದನ್ನು ಹೇಳುವುದಕ್ಕೆ ಊರಲ್ಲಿ ಸ್ವಲ್ಪ ಧೈರ್ಯ ಬೇಕು. ಜಮೀನು ಕೊಟ್ಟವರಲ್ಲಿ ಕಾರ್ಖಾನೆ ಆಗಲಿ, ಮಗನಿಗೆ ಕೆಲಸ ಸಿಗಲಿ ಅನ್ನುವವರೂ ಇದ್ದರು. ಅವರು ಹೇಳಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಬೂದಿಯ ವಿಷಯದಲ್ಲಿ ನಾನು ಅಜ್ಜಾರ ಕಡೆಗೇ. ಆದರೆ ಶಾಸಕರ ಜೊತೆ ಜಗಳ ಆಡಬಹುದು, ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ನೀವೇ ಕಾಲಿಗೆ ಬಿದ್ದು ಎದ್ದ ಸ್ವಾಮಿಗಳ ಜೊತೆ ವಾದ ಹೇಗೆ ಮಾಡುತ್ತೀರಿ?

ಇಲ್ಲಿ ಒಳ್ಳೆಯದೇ ಆಯಿತು ಅಂತಿಟ್ಟುಕೊಳ್ಳಿ. ಅದೇ ಬಾಗಿಲಿನಿಂದ ಬೇರೆಯವರೂ ಬರುತ್ತಾರೆ. 2020ರ ಜನವರಿಯಲ್ಲಿ ಹರಿಹರದ ವೇದಿಕೆ ನೆನಪಿದೆಯಾ? ನಮ್ಮ ಸಮಾಜದವರನ್ನು ಮಂತ್ರಿ ಮಾಡಿ ಅಂತ ಒಬ್ಬ ಸ್ವಾಮಿಗಳು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಎದುರಿಗೇ ಎಚ್ಚರಿಸಿದರು, ಯಡಿಯೂರಪ್ಪ ಸಿಟ್ಟಾಗಿ ಎದ್ದೇ ಹೊರಟಿದ್ದರು. ಹಳ್ಳದ ನೀರು ಕೇಳುವುದಕ್ಕೂ ಮಂತ್ರಿಗಿರಿ ಕೇಳುವುದಕ್ಕೂ ಬಳಸಿದ್ದು ಅದೇ ಕಾವಿ, ಅದೇ ಮೈಕು. ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯಕ್ಕೆ ಬಳಸಬಾರದು ಅಂತ 1988ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಹೆಸರು ಕೇಳಿದವರು ಎಷ್ಟು ಜನ?

ದುಡ್ಡಿನ ವಿಷಯ ಬೇರೆ ಇದೆ. ಬಜೆಟ್‌ನಲ್ಲಿ ಮಠಗಳಿಗೆ ಅನುದಾನ ಕೊಡುವುದು ಈಗ ರೂಢಿ ಆಗಿಬಿಟ್ಟಿದೆ. ಹಾಸ್ಟೆಲ್‌ಗೆ, ಶಾಲೆಗೆ ಅಂತಲೇ ಕೊಡುತ್ತಾರೆ, ಬಡವರ ಮಕ್ಕಳೇ ಓದುತ್ತಾರೆ, ಒಪ್ಪಿದೆ. ಈ ವರ್ಷ ಕಂತು ಬರಬೇಕಾದ ಮಠ ಈ ವರ್ಷವೇ ಕಾರ್ಖಾನೆ ಬೇಡ ಅಂತ ಬೀದಿಗೆ ಬರುತ್ತದಾ? ಎಲ್ಲ ಮಠವೂ ಗವಿಮಠ ಅಲ್ಲ.