ಕೆಲವು ಸದಸ್ಯರು

ಕಲಬುರಗಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ, ಬೇವಿನ ಮರದ ಕೆಳಗೆ, ಶಹಾಬಾದಿ ಪರಸಿ ಹಾಸಿದ ಕಟ್ಟೆಯೊಂದಿದೆ. ಅದರ ಬೆನ್ನಿಗೆ ಎರಡು ಕಬ್ಬಿಣದ ಕಾಲುಗಳ ಮೇಲೆ ಗಾಜಿನ ಬಾಗಿಲಿನ ಸೂಚನಾ ಫಲಕ ನಿಂತಿದೆ. ಒಳಗೆ ಬಡಿದ ಹಸಿರು ಬಟ್ಟೆ ನಮ್ಮ ಊರಿನ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದೆ. ಬೀಗದ ಕೈ ಹಿಂದಿನ ಕಾರ್ಯದರ್ಶಿಗಳ ಕಾಲದಲ್ಲಿಯೇ ಕಳೆದುಹೋದದ್ದರಿಂದ ಬಾಗಿಲಿಗೆ ಒಂದು ತಂತಿ ಸುತ್ತಿದ್ದೇವೆ. ಮೂಲೆಯಲ್ಲಿ ಹಲ್ಲಿಯೊಂದು ಸಂಸಾರ ಹೂಡಿದೆ. ಮೂರು ವರ್ಷಗಳಿಂದ ಈ ಫಲಕಕ್ಕೆ ಮೇವು ಒದಗಿಸುವವನು ನಾನು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಟಿಪ್ಪಣಿ ಬರೆದು ನಿವೃತ್ತನಾದವನಿಗೆ ಸೂಚನೆ ಬರೆಯುವುದು ನೀರು ಕುಡಿದಂತೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿ, ನಾನು ಊರಲ್ಲಿಲ್ಲದ ಒಂದು ಭಾನುವಾರ ನನ್ನನ್ನು ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಯನ್ನಾಗಿ ಅವಿರೋಧವಾಗಿ ಆಯ್ಕೆ ಮಾಡಿಬಿಟ್ಟರು.

ಸೂಚನೆಗೆ ತನ್ನದೇ ಆದ ವ್ಯಾಕರಣವಿದೆ. 'ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಕೆಲವು ಸದಸ್ಯರು ತಮ್ಮ ವಾಹನಗಳನ್ನು ಉದ್ಯಾನದ ಗೇಟಿಗೆ ಅಡ್ಡಲಾಗಿ ನಿಲ್ಲಿಸುತ್ತಿರುವುದು ಕಂಡುಬಂದಿದ್ದು, ಸಹಕರಿಸಬೇಕಾಗಿ ವಿನಂತಿಸಿಕೊಳ್ಳಲಾಗಿದೆ' ಎಂದು ಬರೆದಾಗ, ಆ ಕೆಲವು ಸದಸ್ಯರು ಒಬ್ಬರೇ. ಅವರ ವಾಹನ ಬಿಳಿಯದು. ಅವರ ಮನೆ ಗೇಟಿನ ಎದುರಿಗೇ ಇದೆ. ಇದು ಬಡಾವಣೆಯ ಹಾಲು ಹಾಕುವ ಹುಡುಗನಿಗೂ ಗೊತ್ತು. 'ಕಂಡುಬಂದಿದೆ' ಎಂಬ ಕ್ರಿಯಾಪದಕ್ಕೆ ಕಣ್ಣಿಲ್ಲ, 'ವಿನಂತಿಸಿಕೊಳ್ಳಲಾಗಿದೆ' ಎಂಬುದಕ್ಕೆ ಬಾಯಿಲ್ಲ. ಯಾರೋ ಕಂಡರು, ಯಾರೋ ಬೇಡಿಕೊಂಡರು, ಯಾರೋ ತಪ್ಪು ಮಾಡಿದರು. ಆ ಬಿಳಿ ವಾಹನದ ಯಜಮಾನರೇ ಸಂಜೆ ಫಲಕದ ಮುಂದೆ ನಿಂತು, ಕನ್ನಡಕ ಏರಿಸಿ ಓದಿ, ನನ್ನ ಕಡೆ ತಿರುಗಿ, “ಬರೋಬ್ಬರಿ ಬರ್ದೀರಿ ನೋಡ್ರಿ, ಮಂದಿಗಿ ಬುದ್ಧಿನೇ ಇಲ್ಲ” ಎಂದು ಹೇಳಿ ಹೋದರು. ಮರುದಿನದಿಂದ ವಾಹನ ನಾಲ್ಕು ಅಡಿ ಹಿಂದಕ್ಕೆ ಸರಿದಿತ್ತು.

ಈ ವ್ಯಾಕರಣ ನಮ್ಮ ಕಚೇರಿಗಳಲ್ಲಿ ಹುಟ್ಟಿದ್ದು ಎಂದೇ ನಾನು ತಿಳಿದಿದ್ದೆ. ಆ ಭ್ರಮೆ ಕಳಚಿದ್ದು ಮಗಳ ದೆಸೆಯಿಂದ. ಅವಳು ಇರುವುದು ಅಮೆರಿಕದ ಅರಿಜೋನಾದಲ್ಲಿ, ಗಾಲ್ಫ್ ಮೈದಾನವೊಂದರ ಸುತ್ತ ಕಟ್ಟಿದ ವಸತಿ ಕಾಲೊನಿಯಲ್ಲಿ. (ಗಾಲ್ಫ್ ಎಂದರೆ ನಮ್ಮ ಕಡೆ ಗಲ್ಫ್ ಎಂದೇ ಕೇಳಿಸುತ್ತದೆ, ಮಗಳು ದುಬೈಯಲ್ಲಿದ್ದಾಳೆಂದು ಓಣಿಯ ಅರ್ಧ ಜನ ಇಂದಿಗೂ ನಂಬಿದ್ದಾರೆ, ಖರ್ಜೂರ ಯಾವಾಗ ಬರುತ್ತದೆಂದು ವಿಚಾರಿಸುತ್ತಾರೆ.) ಅವಳಾಗಲಿ ಅಳಿಯನಾಗಲಿ ಒಂದು ದಿನವೂ ಗಾಲ್ಫ್ ಕೋಲು ಹಿಡಿದವರಲ್ಲ. ಮನೆ ಹಿಡಿಸಿತು, ಮನೆಯ ಜೊತೆಗೆ ಕ್ಲಬ್ಬಿನ ಸದಸ್ಯತ್ವವೂ ಗಂಟುಬಿದ್ದಿತು, ಅದರ ಹಿಂದೆ ವಂತಿಗೆಯೂ ಬಂದಿತು. ನಮ್ಮ ಸಂಘದ ವಂತಿಗೆ ತಿಂಗಳಿಗೆ 200 ರೂಪಾಯಿ. ಅವಳು ಕಟ್ಟುವ ಮೊತ್ತವನ್ನು ಇಲ್ಲಿ ಬರೆಯಲಾರೆ. ನಮ್ಮ ಖಜಾಂಚಿಗಳಿಗೆ ರಕ್ತದೊತ್ತಡವಿದೆ.

ಆ ಕ್ಲಬ್ಬು ತಿಂಗಳಿಗೊಂದು ಸುದ್ದಿಪತ್ರ ಹೊರಡಿಸುತ್ತದೆ. “ಅಪ್ಪಾ, ನಿನ್ನ ಬೋರ್ಡಿನಂಗೇ ಅದ ನೋಡು” ಎಂದು ಮಗಳು ಒಮ್ಮೆ ಅದನ್ನು ಫೋನಿಗೆ ಕಳಿಸಿದಳು; ಈಗ ನಾನೇ ಕೇಳಿ ತರಿಸಿಕೊಳ್ಳುತ್ತೇನೆ. ಅವರ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ತಾಸು ಹಿಂದೆ ಇರುವುದರಿಂದ, ಅಲ್ಲಿ ಇಳಿಹೊತ್ತಿನಲ್ಲಿ ಹೊರಟ ಪತ್ರಿಕೆ ಇಲ್ಲಿ ಬೆಳಗಿನ ಚಹದ ಹೊತ್ತಿಗೆ ಕಟ್ಟೆಗೆ ಬರುತ್ತದೆ. ಬಣ್ಣದ ಚಿತ್ರಗಳು, ನಗುವ ಅಧ್ಯಕ್ಷರು, ಹಸಿರೆಂದರೆ ಕಣ್ಣು ಕುಕ್ಕುವ ಹಸಿರು. ಅವುಗಳ ನಡುವೆ ನನ್ನ ಹಳೆಯ ಗೆಳೆಯರು ಸಿಕ್ಕರು. ಕೆಲವು ಸದಸ್ಯರು ನಾಯಿಗಳನ್ನು ಹಗ್ಗವಿಲ್ಲದೆ ಬಿಡುತ್ತಿದ್ದಾರೆ. ಕೆಲವು ಸದಸ್ಯರು ಗಾಲ್ಫ್ ಗಾಡಿಗಳನ್ನು ದಾರಿ ಬಿಟ್ಟು ಹುಲ್ಲಿನ ಮೇಲೆ ಓಡಿಸುತ್ತಿದ್ದಾರೆ. ಕೆಲವು ಸದಸ್ಯರು ತಾವು ಕಿತ್ತ ಹೆಂಟೆಯನ್ನು ಮುಚ್ಚದೆ ಮುಂದೆ ಹೋಗುತ್ತಿದ್ದಾರೆ. ಈ ಕೊನೆಯ ದೂರು ನನಗೆ ತಿಳಿಯದೆ ಮಗಳನ್ನು ಕೇಳಿದೆ. ಕಬ್ಬಿಣದ ಕೋಲು ಚೆಂಡಿಗೆ ಬಡಿಯುವಾಗ ನೆಲದ ಹುಲ್ಲನ್ನೂ ಅಂಗೈ ಅಗಲ ಕೆತ್ತಿ ಹಾರಿಸುತ್ತದೆಯಂತೆ; ಹಾರಿದ ತುಂಡನ್ನು ತಂದು ಕೂರಿಸಿ ತುಳಿಯುವುದೋ, ಕುಳಿಗೆ ಮರಳು ತುಂಬುವುದೋ ಕೆತ್ತಿದವನ ಧರ್ಮ. ಅದನ್ನು ಮಾಡದೆ ಆಕಾಶ ನೋಡುತ್ತ ನಡೆದುಬಿಡುವ ಮಹನೀಯರು ಅಲ್ಲಿಯೂ ಇದ್ದಾರೆಂದು ತಿಳಿದು, ಹೇಳಬಾರದು, ನನಗೆ ತುಂಬ ಸಮಾಧಾನವಾಯಿತು.

ಸುದ್ದಿಪತ್ರದ ಮುಕ್ಕಾಲು ಪಾಲು ಹುಲ್ಲಿನ ಸಮಾಚಾರವೇ. ಚೆಂಡು ಗುಳಿಗೆ ಬೀಳುವ, ಗ್ರೀನ್ ಎನ್ನುವ ನುಣುಪು ಅಂಗಳದ ಹುಲ್ಲನ್ನು ಸುಮಾರು ಮೂರು ಮಿಲಿಮೀಟರಿಗೆ ಕತ್ತರಿಸುತ್ತಾರೆ. ಅಂದರೆ ಒಂದು ವಾರ ಬಿಟ್ಟ ನನ್ನ ಗಡ್ಡದಷ್ಟು. ತುಳಿದು ಗಟ್ಟಿಯಾದ ಆ ನೆಲಕ್ಕೆ ಉಸಿರಾಡಲು ಯಂತ್ರದಿಂದ ಸಾವಿರಾರು ತೂತು ಕೊರೆದು ಮರಳು ತುಂಬುತ್ತಾರೆ, ಆ ವಾರ ಚೆಂಡು ನೆಟ್ಟಗೆ ಉರುಳದ್ದಕ್ಕೆ ಕ್ಷಮೆ ಕೇಳುತ್ತಾರೆ. ಅಲ್ಲಿಯ ಬೇಸಿಗೆ ಹುಲ್ಲು ಚಳಿಗೆ ಹಳದಿಯಾಗಿ ಮಲಗಿಬಿಡುತ್ತದೆ; ಆದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಮೈದಾನವನ್ನು ಕೆಲವು ವಾರ ಮುಚ್ಚಿ, ಅದರ ಮೇಲೆಯೇ ರೈ ಎಂಬ ಚಳಿಗಾಲದ ಹುಲ್ಲಿನ ಬೀಜ ಬಿತ್ತುತ್ತಾರೆ. ವಂತಿಗೆ ಮಾತ್ರ ಮುಚ್ಚುವುದಿಲ್ಲವೆಂದು ಪ್ರತಿ ಹಿಂಗಾರಿನಲ್ಲಿಯೂ ಅಲ್ಲಿ ತಕರಾರು ಏಳುತ್ತದೆ.

ಆ ಬೇಸಿಗೆ ಹುಲ್ಲು ಯಾವುದು? ಬರ್ಮುಡಾ ಎಂದು ಮಗಳು ಹೆಸರು ಹೇಳಿದಳು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತ ಹರಿಯುವ ಆ ಬಳ್ಳಿಯ ನಡಿಗೆಯನ್ನು ಎಲ್ಲಿಯೋ ಕಂಡಿದ್ದೇನೆ ಅನ್ನಿಸಿತು. ವಿಚಾರಿಸಿ ನೋಡಿದರೆ ಅದು ನಮ್ಮ ಗರಿಕೆ! ಗಣಪತಿಯ ತಲೆಯ ಮೇಲೆ ಇಪ್ಪತ್ತೊಂದು ಎಸಳು ಏರಿಸುವ, ನಮ್ಮ ಕಡೆ ಕರಕಿ ಎನ್ನುವ ಅದೇ ಗರಿಕೆ. ಗಾಲ್ಫ್ ಮೈದಾನಗಳಲ್ಲಿ ಬೆಳೆಸುವುದು ಅದನ್ನು ಆಫ್ರಿಕದ ದಾಯಾದಿಯೊಂದರೊಡನೆ ಕೂಡಿಸಿದ ಮಿಶ್ರತಳಿ. ಅವುಗಳಲ್ಲಿ ಹೆಸರಾದ ಒಂದು 1960ರಲ್ಲಿ ಜಾರ್ಜಿಯಾದ ಟಿಫ್ಟನ್‌ನಿಂದ ಹೊರಬಂದಿತು. ಚಿತ್ತಾಪುರ ತಾಲ್ಲೂಕಿನ ನಮ್ಮ ಎರೆಹೊಲದಲ್ಲಿ ಕರಕಿ ಎಂದರೆ ಶನಿ. ಕಪ್ಪು ಮಣ್ಣಿನಲ್ಲಿ ಮೊಣಕಾಲು ಆಳಕ್ಕೆ ಇಳಿದು, ಕಡಿದ ಪ್ರತಿ ತುಂಡಿನಿಂದಲೂ ಹೊಸದಾಗಿ ಚಿಗುರುವ ಅದನ್ನು ಕೀಳಲು ನಮ್ಮ ತಂದೆ ಬೇಸಿಗೆಯಲ್ಲಿ ಬಾಡಿಗೆ ಎತ್ತು ಕೂಡಿಸಿ ರಂಟೆ ಹೊಡೆಸುತ್ತಿದ್ದರು, ಬಿಸಿಲಿಗೆ ಬಿದ್ದ ಬೇರನ್ನು ನಾವು ಮಕ್ಕಳು ಆರಿಸಿ ಬದುವಿಗೆ ಒಟ್ಟಿ ಸುಡುತ್ತಿದ್ದೆವು. ಕರಕಿ ಬಿದ್ದ ಹೊಲದವನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಅವರ ಮೊಮ್ಮಗಳು ಈಗ ಡಾಲರು ಕಟ್ಟಿ ಕರಕಿಯನ್ನು ಸಾಕಿಸುತ್ತಾಳೆ, ಶುದ್ಧೀಕರಿಸಿದ ಚರಂಡಿ ನೀರನ್ನು ಅದಕ್ಕೆ ಕಾರಂಜಿಯಂತೆ ಚಿಮ್ಮಿಸುತ್ತಾರೆ, ಅದರ ಮೇಲೆ ಗಾಡಿ ಓಡಿಸಿದವರ ಬಗ್ಗೆ ಸೂಚನೆ ಹೊರಡುತ್ತದೆ. ತಂದೆಯವರು ಇದ್ದಿದ್ದರೆ ನಂಬುತ್ತಿರಲಿಲ್ಲ. ನಂಬಿದ್ದರೆ ಒಂದು ಚಕ್ಕಡಿ ತುಂಬಿ ಕಳಿಸುತ್ತಿದ್ದರು.

ಹಂದಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹಾವೆಲೀನಾ ಎಂಬ ಹಂದಿಯಂಥ ಪ್ರಾಣಿ ರಾತ್ರಿ ಹಿಂಡಾಗಿ ಬಂದು ಹುಳುವಿಗಾಗಿ ಆ ಹುಲ್ಲನ್ನು ಮಗುಚಿ ಹಾಕುತ್ತದೆಯಂತೆ. ನಮ್ಮ ಫಲಕದಲ್ಲಿ ಹಂದಿಯ ಬಗ್ಗೆ ವರ್ಷಕ್ಕೆ ಎರಡು ಸೂಚನೆ ಖಾಯಂ. ಅವೆರಡೂ ಬೇರೆ ಬೇರೆ ಕುಲದವು ಎಂದು ಜೀವಶಾಸ್ತ್ರ ಹೇಳುತ್ತದೆ. ಆಡಳಿತದ ದೃಷ್ಟಿಯಿಂದ ನನಗೆ ಭೇದ ಕಾಣಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಮೈದಾನದ ಪಂಪು, ಕ್ಲಬ್ಬಿನ ಮಾಡು, ರಸ್ತೆಯ ಡಾಂಬರು, ನೆಲದೊಳಗಿನ ಕೊಳವೆ, ಪ್ರತಿಯೊಂದಕ್ಕೂ ಇನ್ನೆಷ್ಟು ವರ್ಷ ಆಯುಷ್ಯವಿದೆಯೆಂದು ಲೆಕ್ಕ ಹಾಕಿ, ಅದು ಕಣ್ಣು ಮುಚ್ಚುವ ದಿನಕ್ಕೆ ಬೇಕಾಗುವ ಹಣವನ್ನು ವರ್ಷವರ್ಷವೂ ತೆಗೆದಿಡುತ್ತಾರೆ. ಮೀಸಲು ನಿಧಿ ಎನ್ನುತ್ತಾರೆ. ನಮ್ಮಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟ ಮೇಲೆಯೇ ಚಂದಾ ಎತ್ತುವುದು, ಅದೂ ನಳಕ್ಕೆ ನೀರು ಬಾರದ ದಿನವೇ ಅದು ಸುಡುವುದು. ಈ ಸಲದ ವಾರ್ಷಿಕ ಸಭೆಯಲ್ಲಿ ವಿಷಯ ಮಂಡಿಸಿಯೇ ಬಿಡೋಣವೆಂದು ನಿರ್ಧರಿಸಿದೆ. 1960ರ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಿಕೊಂಡ ಸಂಘ ನಮ್ಮದು. ಸಭೆ ಕರೆಯಲೇಬೇಕು, ಲೆಕ್ಕ ಒಪ್ಪಿಸಲೇಬೇಕು. ಬೆಳಿಗ್ಗೆ ಎಂಟಕ್ಕೆ ಕರೆದ ಸಭೆಗೆ ಹನ್ನೊಂದು ಜನ ಬಂದರು. ಕೋರಂ ಇಲ್ಲವೆಂದು ಅರ್ಧ ತಾಸು ಮುಂದೂಡಿ, ನಮ್ಮ ಬೈಲಾದ ಅನುಗ್ರಹದಿಂದ ಅದೇ ಹನ್ನೊಂದು ಜನ ಅದೇ ಕುರ್ಚಿಗಳಲ್ಲಿ ಕೋರಂ ಆಗಿ ಪರಿವರ್ತಿತರಾದರು. ಆ ಅರ್ಧ ತಾಸಿನಲ್ಲಿ ಸುಸಲಾ, ಮಿರ್ಚಿ ಭಜಿ, ಚಹ ಮುಗಿದವು. ಸುಸಲಾದ ವಾಸನೆಗೆ ಇನ್ನೂ ಒಂಬತ್ತು ಜನ ಸೇರಿದರು. ಮೋಟಾರಿನ ಆಯುಷ್ಯದ ಲೆಕ್ಕವನ್ನು ನಾನು ಓದಿ ಮುಗಿಸಿದಾಗ ಸಭೆಯಲ್ಲಿ ಮೌನ. ಆಮೇಲೆ ಹಿರಿಯರೊಬ್ಬರು ಎದ್ದು, “ಮೋಟಾರ್ ಇನ್ನಾ ಛಲೋ ಅದರೀ ಸಾಹೇಬ್ರ. ಈಗೇ ಅದರ ತಿಥಿಗಿ ರೊಕ್ಕ ಯಾಕ ಕೂಡಸ್ತೀರಿ?” ಎಂದರು. ವಿಷಯವನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಯಿತು.

ಹೆಸರು ಹೇಳಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಬಡಾವಣೆಯಲ್ಲಿ ದಾಖಲೆ ಇದೆ. ನನ್ನ ಹಿಂದಿನ ಕಾರ್ಯದರ್ಶಿಗಳು ನೇರ ಮನುಷ್ಯರು. ವಂತಿಗೆ ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಮನೆ ನಂಬರಿನ ಸಮೇತ, ಕೆಂಪು ಶಾಯಿಯಲ್ಲಿ ಬರೆದು ಹಚ್ಚಿದರು. ಏಳು ಹೆಸರುಗಳಲ್ಲಿ ಒಬ್ಬರು ಹಿಂದಿನ ದಿನವೇ ಹಣ ಕಟ್ಟಿ ರಸೀತಿ ಪಡೆದಿದ್ದರು. ಆ ರಸೀತಿ ಮನೆ ಮನೆ ತಿರುಗಿತು. ಆ ವರ್ಷ ಉದ್ಯಾನದಲ್ಲಿ ಎರಡು ಗಣಪತಿ ಕೂತವು, ಎದುರುಬದುರು, ಎರಡೂ ಧ್ವನಿವರ್ಧಕದೊಡನೆ. ಕಾರ್ಯದರ್ಶಿಗಳು ರಾಜೀನಾಮೆ ಕೊಟ್ಟರು. ನಾನು ಊರಲ್ಲಿಲ್ಲದ ಭಾನುವಾರ ಬಂದದ್ದು ಆಗಲೇ.

ಗಾಲ್ಫ್‌ನವರ ಸಂಯಮ ಇನ್ನೂ ದೊಡ್ಡದು ಎಂದು ನನಗೆ ಮನವರಿಕೆ ಮಾಡಿಸಿದ್ದು ಒಂದು ಚೆಂಡು. ಹೋದ ಜೂನಿನಲ್ಲಿ ರಜೆಗೆ ಬಂದ ಮಗಳು ತನ್ನ ಹಿತ್ತಿಲಲ್ಲಿ ಬಿದ್ದು ಸಿಕ್ಕ ಗಾಲ್ಫ್ ಚೆಂಡೊಂದನ್ನು ನನ್ನ ಮೇಜಿಗೆಂದು ತಂದಳು. ದೊಡ್ಡ ನೆಲ್ಲಿಕಾಯಿಯ ಗಾತ್ರ, ಮೈತುಂಬ ಸಿಡುಬಿನ ಕಲೆಯಂಥ ಗುಳಿ, ಒಂದು ಕಡೆ ಉಗುರು ಊರಿದಂತೆ ಸಣ್ಣ ಗಾಯ. ನಿಯಮದ ಪ್ರಕಾರ ಅದರ ತೂಕ 45.93 ಗ್ರಾಮಿಗೆ ಮೀರಬಾರದು, ಅಗಲ 42.67 ಮಿಲಿಮೀಟರಿಗೆ ಕಡಿಮೆಯಾಗಬಾರದು. ಇಷ್ಟನ್ನು ಹೊಡೆದು ಹೊಡೆದು 108 ಮಿಲಿಮೀಟರ್ ಅಗಲದ ಗುಳಿಗೆ ಕೆಡವಬೇಕು, ಹಾಗೆ ಹದಿನೆಂಟು ಸಲ. ಗಾಯದ ಪಕ್ಕದಲ್ಲಿ ನೀಲಿ ಶಾಯಿಯ ಎರಡು ಚುಕ್ಕೆಗಳಿದ್ದವು. ಆಟಗಾರರು ತಮ್ಮ ಚೆಂಡು ತಮಗೆ ಗುರುತು ಸಿಗಲೆಂದು ಹೀಗೆ ಚುಕ್ಕೆ ಇಡುತ್ತಾರೆ. ಕಳೆದ ಚೆಂಡನ್ನು ಹುಡುಕಲು 2019ರವರೆಗೆ ಐದು ನಿಮಿಷವಿತ್ತು, ಈಗ ಮೂರೇ. ಮೈದಾನದ ಬದಿಗೆ ಮನೆ ಕೊಂಡವರು ಚೆಂಡು ಬೀಳುವುದನ್ನು ಸಹಿಸಿಕೊಳ್ಳತಕ್ಕದ್ದು ಎಂದು ಅವಳ ಮನೆಯ ಕಾಗದಪತ್ರದಲ್ಲಿಯೇ ಬರೆದಿದೆಯಂತೆ. ಎರಡು ಚುಕ್ಕೆಯ ಆಸಾಮಿ ಯಾರೆಂದು ಅವಳ ಸಾಲಿನ ಮನೆಗಳಿಗೆಲ್ಲ ಗೊತ್ತು. ರುಜು ಮಾಡಿದ ಸಾಕ್ಷ್ಯ ಹಿತ್ತಿಲಿಗೆ ಬಂದು ಬಿದ್ದರೂ ಸುದ್ದಿಪತ್ರ ಹೇಳುವುದು 'ಕೆಲವು ಆಟಗಾರರು' ಎಂದೇ.

ಚೆಂಡು ನನ್ನ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಹಾರುವ ಸಂಘದ ಕಾಗದಗಳ ಮೇಲೆ ನಾಲ್ಕು ದಿನ ಕೂತಿತ್ತು. ಐದನೆಯ ದಿನ, ಮಿರಗದ ಮಳೆ ನಿಂತ ಸಂಜೆ, ಒಂಬತ್ತು ವರ್ಷದ ಮೊಮ್ಮಗ ಅದನ್ನು ಉದ್ಯಾನಕ್ಕೆ ಒಯ್ದು, ನನ್ನ ಕೊಡೆಯನ್ನು ತಿರುವಿ ಹಿಡಿದು, ಅದರ ಡೊಂಕು ಹಿಡಿಕೆಯಿಂದ ಒಂದೇ ಒಂದು ಏಟು ಹಾಕಿದ. ಅವನ ಅಪ್ಪನಿಗೆ ಬಾರದ ವಿದ್ಯೆ ಅವನಿಗೆ ಒಲಿದುಬಿಟ್ಟಿತ್ತು. ಖಜಾಂಚಿಗಳ ಮನೆಯ ಮುಂಗಿಟಕಿಯ ಗಾಜು ಒಂದು ಹಾಳೆಯಷ್ಟು ಅಗಲ ಕೆಳಗಿಳಿಯಿತು. ಅವರು ಏನೂ ಅನ್ನಲಿಲ್ಲ. ಚೆಂಡನ್ನು ತಂದು ನನ್ನ ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲಿಯೇ ಇಟ್ಟು, ಚಹ ಕುಡಿದು, ನಾನು ಕೊಟ್ಟ ಗಾಜಿನ ದುಡ್ಡನ್ನು ಎರಡು ಸಲ ಎಣಿಸಿಕೊಂಡು ಹೋದರು. ಕಾರ್ಯದರ್ಶಿಯಾದ ನನಗೆ ಕರ್ತವ್ಯ ತಪ್ಪುವುದಿಲ್ಲ. ರಾತ್ರಿಯೇ ಬರೆದು ಹಚ್ಚಿದೆ: 'ಕೆಲವು ಮಕ್ಕಳು ಉದ್ಯಾನದಲ್ಲಿ ಗಟ್ಟಿ ಚೆಂಡಿನಿಂದ ಆಡುತ್ತಿರುವುದು ಕಂಡುಬಂದಿದ್ದು, ಪಾಲಕರು ಗಮನಿಸಬೇಕಾಗಿ ವಿನಂತಿಸಿಕೊಳ್ಳಲಾಗಿದೆ.'

ಬೆಳಿಗ್ಗೆ ನೋಡಿದರೆ ತಂತಿ ಬಿಚ್ಚಿತ್ತು. 'ಮಕ್ಕಳು' ಎಂಬ ಪದದ ಹಿಂದೆ ಪೆನ್ಸಿಲಿನಲ್ಲಿ ಒಂದು 'ಮೊ' ಕೂತಿತ್ತು, ನನ್ನ 'ಮ' ಅಕ್ಷರದ ಕೆಳಗೆ ಒಂದು ಒತ್ತು ಜೋತುಬಿದ್ದಿತ್ತು. ಒತ್ತು ದುಂಡಗಿತ್ತು, ವರ್ಷಗಟ್ಟಲೆ ಲೆಕ್ಕದ ಪುಸ್ತಕ ಬರೆದ ಕೈಯ ದುಂಡಗು. ಜೊತೆಗೆ ನಡೆದು ಬಂದಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಇದು ಯಾರ ಕೆಲಸವೆಂದು ಕೇಳಿದಳು. ಕೆಲವು ಸದಸ್ಯರದು ಎಂದೆ.